ಗಂಗಾವತಿಯ ರಿಪೇರಿ ಅಂಗಡಿಯಲ್ಲೊಂದು ಲಿನಕ್ಸ್ ಆಪ್ ಸ್ಟೋರ್

ಗಂಗಾವತಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಆಫೀಸುಗಳು ಬಿಟ್ಟ ಹಳೇ ಲ್ಯಾಪ್‌ಟಾಪ್ ತಂದು, ಎಸ್‌ಎಸ್‌ಡಿ ಹಾಕಿ, ಒರೆಸಿ ಮಾರುತ್ತೇನೆ. ಹೆಚ್ಚಿನವು ಇಂಟೆಲ್ ಆರನೇ ತಲೆಮಾರಿನವು. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿತ್ತು. ಹಾಗಾಗಿ 2023ರಲ್ಲೇ ವಿಂಡೋಸ್ ಬದಲು ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿ ಮಾರಲು ಶುರು ಮಾಡಿದೆ.

ಮಾರಿ ಎಂಟು ದಿನ ಆಗುವಷ್ಟರಲ್ಲಿ ಗಿರಾಕಿ ವಾಪಸ್ ಬರುತ್ತಿದ್ದರು. "ಸರ, ಇದ್ರಾಗ ಸಾಫ್ಟ್‌ವೇರ್ ಎಲ್ಲಿಂದ ಹಾಕ್ಕೋಬೇಕ್ರಿ?"

ಲಿನಕ್ಸ್‌ಗೆ ಇದು ಹೊಸ ವಿಷಯವೇನಲ್ಲ. ಒಂದೇ ಕಡೆಯಿಂದ ಸಾಫ್ಟ್‌ವೇರ್ ಇಳಿಸುವ ಆಪ್ಟ್ ಎಂಬ ಸಲಕರಣೆ 1999ರ ಡೆಬಿಯನ್ 2.1ರಲ್ಲೇ ಇತ್ತು. ಐಫೋನಿನ ಆಪ್ ಸ್ಟೋರ್ ಬಂದದ್ದು 2008ರಲ್ಲಿ. ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಜಾಸ್ತಿ ಪ್ಯಾಕೇಜ್, ಅಂದರೆ ಸಾಫ್ಟ್‌ವೇರ್ ಕಟ್ಟುಗಳು, ಇವೆ. ತೊಂದರೆ ಇದ್ದದ್ದೇ ಅಲ್ಲಿ. ಪ್ಯಾಕೇಜ್ ಹುಡುಕುವ ಸಿನಾಪ್ಟಿಕ್ ತೆಗೆದು 'ಪೇಂಟ್' ಎಂದು ಹುಡುಕಿದರೆ ಲೈಬ್ರರಿಗಳು (ಬೇರೆ ಪ್ರೋಗ್ರಾಂಗಳು ಬಳಸುವ ಬಿಡಿಭಾಗಗಳು), ಡಾಕ್ಯುಮೆಂಟ್ ಪ್ಯಾಕೇಜುಗಳು ಸಾಲುಸಾಲಾಗಿ ಬರುತ್ತವೆ. ಬಿ.ಕಾಂ. ಹುಡುಗಿಗೆ ಅದರಲ್ಲಿ ಯಾವುದು ಬೇಕು ಅಂತ ಹೇಗೆ ಗೊತ್ತಾಗಬೇಕು?

ಮೊದಲು ಗ್ನೋಮ್ ಸಾಫ್ಟ್‌ವೇರ್ ಎಂಬ ಸಿದ್ಧ ಆಪ್ ಸ್ಟೋರ್ ಇಟ್ಟು ನೋಡಿದೆ. ಚೆಂದ ಇದೆ. ಆದರೆ ನಾಲ್ಕು ಜಿಬಿ ರ್‍ಯಾಮ್ ಇರುವ ಮಷೀನಿನಲ್ಲಿ ಅದು ತೆರೆಯುವುದರೊಳಗೆ ಚಹಾ ಕುಡಿದು ಬರಬಹುದು. ವಿವರಗಳೂ ಬಹುತೇಕ ಇಂಗ್ಲಿಷಿನಲ್ಲಿ. ಕೊನೆಗೆ ನಾನೇ ಒಂದು ಮಾಡೋಣ ಅಂತ ಕೂತೆ. ಪೈಥಾನ್ ಭಾಷೆಯ ಪ್ರೋಗ್ರಾಮಿಂಗ್ ಅಷ್ಟಿಷ್ಟು ಬರುತ್ತಿತ್ತು. ತೆರೆಯ ಮೇಲಿನ ಕಿಟಕಿ ಜಿಟಿಕೆಯಲ್ಲಿ, ಪೈಥಾನ್-ಆಪ್ಟ್‌ನಲ್ಲಿ ಒಳಗಿನ ಕೆಲಸ. ಕೋಡ್ ಬರೆದದ್ದು ಒಂದೂವರೆ ತಿಂಗಳು, ಅಷ್ಟೇ.

ಆರು ತಿಂಗಳು ತಿಂದದ್ದು ಪಟ್ಟಿ.

64 ಸಾವಿರದಲ್ಲಿ ನಾನು ಆರಿಸಿದ್ದು 112. ಒಂದೊಂದನ್ನೂ ಹಳೇ ಮಷೀನಿನಲ್ಲಿ ಹಾಕಿ, ಕನ್ನಡ ಟೈಪ್ ಆಗುತ್ತದೋ ಇಲ್ಲವೋ ನೋಡಿ, ಆಮೇಲೆ ವಿವರ ಬರೆದೆ. ಇಂಕ್‌ಸ್ಕೇಪ್‌ಗೆ ಮೊದಲು ಬರೆದದ್ದು 'ವೆಕ್ಟರ್ ಗ್ರಾಫಿಕ್ಸ್ ಸಂಪಾದಕ'. ನನ್ನ ಹೆಂಡತಿ ಪ್ರೈಮರಿ ಶಾಲೆ ಟೀಚರ್. ಓದಿ, "ಹಂಗಂದ್ರ ಏನ್ರೀ?" ಎಂದಳು. ಈಗ ಅಲ್ಲಿರುವುದು: 'ಮದುವೆ ಪತ್ರಿಕೆ, ಬ್ಯಾನರ್, ಲೋಗೋ ಮಾಡಲು. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ.' ಅವಳು ತಲೆ ಆಡಿಸುವವರೆಗೆ ಯಾವ ವಿವರವೂ ಸ್ಟೋರಿಗೆ ಹೋಗಲಿಲ್ಲ.

ಈ ವಿವರಗಳನ್ನು ಆಪ್‌ಸ್ಟ್ರೀಮ್ ಎಂಬ ಮಾದರಿಯಲ್ಲೇ ಇಟ್ಟಿದ್ದೇನೆ. ಅದು ಒಂದು ಎಕ್ಸ್‌ಎಮ್‌ಎಲ್ ಫೈಲು. ಹೆಸರು, ಸಾರಾಂಶ, ಚಿತ್ರ, ಹುಡುಕುಪದ ಎಲ್ಲಕ್ಕೂ ಅದರಲ್ಲಿ ಜಾಗ ಇದೆ. ಭಾಷೆವಾರು ಬೇರೆ ಬೇರೆ ಬರೆಯಬಹುದು. ಗ್ನೋಮ್ ಸಾಫ್ಟ್‌ವೇರ್, ಕೆಡಿಇ ಎಂಬ ಡೆಸ್ಕ್‌ಟಾಪಿನ ಸ್ಟೋರ್ ಆದ ಡಿಸ್ಕವರ್ ಓದುವುದೂ ಇದನ್ನೇ. ನಾಳೆ ನನ್ನ ಸ್ಟೋರ್ ಮುಚ್ಚಿದರೂ ಬರೆದ ಕನ್ನಡ ದಂಡ ಆಗಬಾರದು, ಅಲ್ವಾ?

ಹುಡುಕುಪದದ ಕಥೆ ಬೇರೆಯೇ. ಜನ ಇಲ್ಲಿ ಲಿಬ್ರೆಆಫೀಸ್ ಎಂದು ಹುಡುಕುವುದಿಲ್ಲ. 'ವರ್ಡ್' ಅನ್ನುತ್ತಾರೆ, 'ಫೋಟೋಶಾಪ್' ಅನ್ನುತ್ತಾರೆ. ಡಿಟಿಪಿ ಮಾಡುವವರು 'ಪೇಜ್‌ಮೇಕರ್' ಅನ್ನುತ್ತಾರೆ. ಎಲ್ಲರೂ ಹುಡುಕುವುದು 'ನುಡಿ'. ಆ ಪದಗಳನ್ನೆಲ್ಲ ಸೇರಿಸಿದೆ. ಫೋಟೋಶಾಪ್ ಎಂದರೆ ಗಿಂಪ್ ಬರುತ್ತದೆ. ಆದರೆ ಮೊದಲ ಸಾಲಿನಲ್ಲೇ 'ಇದು ಫೋಟೋಶಾಪ್ ಅಲ್ಲ, ಅದರ ಬಹಳಷ್ಟು ಕೆಲಸ ಇದರಲ್ಲಿ ಆಗುತ್ತದೆ' ಎಂದಿದೆ. ಗಿರಾಕಿಗೆ ಟೋಪಿ ಹಾಕಿದ ಹಾಗಾಗಬಾರದು.

ನುಡಿಗೆ ತಲೆ ಓಡಿಸಬೇಕಾಯಿತು. ಅವರಿಗೆ ಬೇಕಾದದ್ದು ಆ ಕೀಲಿ ವಿನ್ಯಾಸ, ಅಂದರೆ ಕಗಪ. ಅದು ಲಿನಕ್ಸಿನಲ್ಲಿ ಆಗಲೇ ಇದೆ, ಸೆಟ್ಟಿಂಗಿನ ಮೂಲೆಯಲ್ಲಿ ಅಡಗಿಕೊಂಡಿದೆ. ಅದಕ್ಕೆ ಒಂದು ಬಹುತೇಕ ಖಾಲಿ ಡೆಬ್ (ಡೆಬಿಯನ್) ಪ್ಯಾಕೇಜ್ ಮಾಡಿದೆ. ಒಳಗೆ ಒಂದು ಸಣ್ಣ ಸ್ಕ್ರಿಪ್ಟ್ ಬಿಟ್ಟರೆ ಏನೂ ಇಲ್ಲ. ಟೈಪಿಂಗ್‌ಗೆ ಐಬಸ್-ಎಂ17ಎನ್ ಬೇಕು, ಕನ್ನಡ ಫಾಂಟುಗಳ ಕಂತೆ ಬೇಕು ಎಂದಷ್ಟೇ ಹೇಳುತ್ತದೆ. ಉಳಿದದ್ದನ್ನು ಆಪ್ಟ್ ತರುತ್ತದೆ. ಮೊದಲ ಸಲ ತೆರೆದಾಗ ಆ ಸ್ಕ್ರಿಪ್ಟ್ ಕಗಪ ಸೇರಿಸುತ್ತದೆ. ಹೆಸರು 'ನುಡಿ ಥರ ಕನ್ನಡ ಟೈಪಿಂಗ್'. ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲದ್ದರಿಂದ ಅವು ತೆರೆದರೆ ಕಲಸುಮೇಲೋಗರವೇ. ಅದನ್ನೂ ಅಲ್ಲೇ ಬರೆದಿದ್ದೇನೆ.

ಟ್ಯಾಲಿ ಎಂದು ಹುಡುಕಿದರೆ ಏನೂ ತೋರಿಸುವುದಿಲ್ಲ. ರೈಸ್ ಮಿಲ್ ಗುಮಾಸ್ತರಿಗೆ ಗ್ನೂಕ್ಯಾಶ್ ಎಂಬ ಲೆಕ್ಕದ ಆಪ್ ಕೊಟ್ಟು ಬೈಸಿಕೊಳ್ಳಲು ನಾನು ತಯಾರಿಲ್ಲ. ಅವರಿಗೆ ವಿಂಡೋಸ್ ಮಷೀನೇ ಕೊಡುತ್ತೇನೆ.

ಇನ್ನೊಂದು, ಎಂಬಿ ಲೆಕ್ಕ. ಇಲ್ಲಿ ಬಹಳ ಮಂದಿ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಇಳಿಸುತ್ತಾರೆ. ಆಪ್‌ನ ಅಳತೆ ಮಾತ್ರ ತೋರಿಸಿದರೆ ಮೋಸ. ನಮ್ಮದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್. ಅದರಲ್ಲಿ ವಿಡಿಯೋ ಎಡಿಟ್ ಮಾಡುವ ಕೆಡೆನ್‌ಲೈವ್ ಹಾಕಿದರೆ ಕೆಡಿಇಯ ಲೈಬ್ರರಿಗಳೆಲ್ಲ ಮದುವೆ ದಿಬ್ಬಣದ ಹಾಗೆ ಹಿಂದೆ ಬರುತ್ತವೆ. ಆಗಲೇ ಬೇರೊಂದು ಕೆಡಿಇ ಆಪ್ ಇರುವ ಮಷೀನಿನಲ್ಲಿ ಕಡಿಮೆ ಇಳಿಯುತ್ತದೆ. ಹಾಗಾಗಿ ಬಟನ್ ಒತ್ತುವ ಮೊದಲೇ ಆ ಮಷೀನಿನ ಲೆಕ್ಕ ಹಾಕಿ, 'ಈಗ ಇಷ್ಟು ಎಂಬಿ ಖರ್ಚಾಗುತ್ತದೆ' ಎಂದು ದಪ್ಪಗೆ ತೋರಿಸುತ್ತೇನೆ. ಗಿರಾಕಿಗಳು ಅತಿ ಜಾಸ್ತಿ ಮೆಚ್ಚಿದ್ದು ಇದನ್ನೇ.

ಅಂಗಡಿಯಲ್ಲಿ ಆಪ್ಟ್-ಕ್ಯಾಚರ್-ಎನ್‌ಜಿ ಇಟ್ಟಿದ್ದೇನೆ. ಒಮ್ಮೆ ಇಳಿದದ್ದನ್ನು ಅದು ಎತ್ತಿಡುತ್ತದೆ, ಮುಂದಿನ ಮಷೀನಿಗೆ ನೆಟ್ ಖರ್ಚಿಲ್ಲ. ಶುರುವಿನಲ್ಲಿ ಅದರ ಐಪಿ ವಿಳಾಸವನ್ನು ಮಷೀನಿನಲ್ಲೇ ಬರೆದು ಮಾರಿಬಿಟ್ಟಿದ್ದೆ. ಮನೆಗೆ ಹೋದ ಲ್ಯಾಪ್‌ಟಾಪ್‌ಗಳು ಇಲ್ಲದ ಸರ್ವರನ್ನು ಹುಡುಕುತ್ತಾ ಕೂತವು. ಈಗ ಆಟೋ-ಆಪ್ಟ್-ಪ್ರಾಕ್ಸಿ ಹಾಕುತ್ತೇನೆ. ಕ್ಯಾಶ್ ಸಿಕ್ಕರೆ ಅಲ್ಲಿಂದ, ಇಲ್ಲದಿದ್ದರೆ ನೇರ ನೆಟ್‌ನಿಂದ.

ಪಾಸ್‌ವರ್ಡ್ ಕೇಳದೆ ಹಾಕುವ ಹಾಗಿರಬೇಕು ಎಂಬುದು ಕಾಲೇಜು ಹುಡುಗರ ಬೇಡಿಕೆ. ಯಾರಿಗೆ ಏನು ಅನುಮತಿ ಎಂದು ನೋಡಿಕೊಳ್ಳುವ ಪೋಲ್‌ಕಿಟ್‌ನಲ್ಲಿ ಪ್ಯಾಕೇಜ್ ಹಾಕುವ ಅನುಮತಿಯನ್ನೇ ಬಿಟ್ಟುಕೊಟ್ಟರೆ 64 ಸಾವಿರಕ್ಕೂ ಬಾಗಿಲು ತೆಗೆದಂತೆ. ಅದಕ್ಕೆ ಒಂದು ಪುಟ್ಟ ಸಹಾಯಕ ಪ್ರೋಗ್ರಾಂ ಬರೆದೆ. ರೂಟ್ ಅಧಿಕಾರ, ಅಂದರೆ ಮಷೀನಿನ ಪೂರ್ತಿ ಅಧಿಕಾರ, ಅದಕ್ಕೆ ಮಾತ್ರ. ಅದು ಆಪ್‌ನ ಹೆಸರೊಂದನ್ನೇ ಕೇಳಿಸಿಕೊಳ್ಳುತ್ತದೆ. ಹೆಸರು ನಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಸುಮ್ನೆ ಹೊರಗೆ ಹಾಕುತ್ತದೆ.

ಈಗ ನನ್ನ ದೊಡ್ಡ ಎಡವಟ್ಟು. ಮೂಲ ಪ್ಯಾಕೇಜುಗಳು ಡೆಬಿಯನ್ ಸರ್ವರಿನಿಂದಲೇ ಬರುತ್ತವೆ. ನನ್ನ ರೆಪೊದಲ್ಲಿ, ಅಂದರೆ ಆಪ್ಟ್ ಇಳಿಸಿಕೊಳ್ಳುವ ನನ್ನ ಉಗ್ರಾಣದಲ್ಲಿ, ಇರುವುದು ಸ್ಟೋರ್, ಪಟ್ಟಿ ಮತ್ತು ಇಪ್ಪತ್ತರಷ್ಟು ಸಣ್ಣ ಡೆಬ್‌ಗಳು. ರೆಪ್ರೆಪ್ರೊ ಎಂಬ ಪ್ರೋಗ್ರಾಂ ಅದನ್ನು ಜೋಡಿಸುತ್ತದೆ, ಜಿಪಿಜಿ ಎಂಬ ಡಿಜಿಟಲ್ ಕೀಲಿಯಿಂದ ಸಹಿ ಹಾಕುತ್ತದೆ. ಸಹಿ ಸರಿಯಿಲ್ಲದಿದ್ದರೆ ಆಪ್ಟ್ ಒಪ್ಪುವುದಿಲ್ಲ. ಕೀಲಿ ಮಾಡುವಾಗ ಜಾಣನ ಹಾಗೆ ಒಂದು ವರ್ಷದ ಅವಧಿ ಕೊಟ್ಟಿದ್ದೆ. ಆಮೇಲೆ ಮರೆತೆ. ಒಂದು ಬೆಳಗ್ಗೆ ಫೋನು ಒಂದೇ ಸಮನೆ ಹೊಡೆದುಕೊಂಡಿತು. ಅವಧಿ ಮುಗಿದ ಕೀಲಿ ಎಂದು ನನ್ನ ರೆಪೊವನ್ನು ಎಲ್ಲ ಮಷೀನುಗಳೂ ತಳ್ಳಿಹಾಕಿದ್ದವು.

ನನ್ನ ಕಡೆ ಅವಧಿ ವಿಸ್ತರಿಸುವುದು ಎರಡು ನಿಮಿಷದ ಕೆಲಸ. ಆದರೆ ಆ ಹೊಸ ಕೀಲಿ ಗಿರಾಕಿಯ ಮಷೀನಿಗೂ ಹೋಗಬೇಕು. ಕಳಿಸುವ ದಾರಿ ಯಾವುದು? ಅವು ನಂಬದ ಅದೇ ರೆಪೊ. ಕೀಲಿಯನ್ನು ಬೀರುವಿನ ಒಳಗಿಟ್ಟು ಬಾಗಿಲು ಹಾಕಿದ ಹಾಗಾಯಿತು. ಅರವತ್ತು ಚಿಲ್ಲರೆ ಮಷೀನು. ಕಾರಟಗಿ, ಕನಕಗಿರಿ, ಸಿಂಧನೂರು ಅಂತ ಪೆನ್‌ಡ್ರೈವ್ ಹಿಡಿದು ಮೂರು ಭಾನುವಾರ ಬೈಕಿನಲ್ಲಿ ಸುತ್ತಿದೆ. ಮೇ ತಿಂಗಳ ಬಿಸಿಲು ಬೇರೆ. ಡೆಬಿಯನ್ನಿನವರು ಕೀಲಿಗಳನ್ನೇ ಒಂದು ಪ್ಯಾಕೇಜ್ ಮಾಡಿ, ಹಳೆಯದು ಮುಗಿಯುವ ಬಹಳ ಮೊದಲೇ ಹೊಸದನ್ನು ಏಕೆ ಕಳಿಸುತ್ತಾರೆ ಎಂದು ಆಗ ಅರ್ಥವಾಯಿತು. ಈಗ ನಾನೂ ಹಾಗೇ ಮಾಡುತ್ತೇನೆ. ಅಂಗಡಿಯ ಕ್ಯಾಲೆಂಡರಿನಲ್ಲೂ ಕೆಂಪು ಶಾಯಿಯಲ್ಲಿ ತಾರೀಕು ಬರೆದಿದ್ದೇನೆ.

ಆಪ್‌ಗೆ ಬೇಕಾದದ್ದನ್ನೆಲ್ಲ ಒಟ್ಟಿಗೆ ತರುವ ಫ್ಲ್ಯಾಟ್‌ಪ್ಯಾಕ್ ಏಕೆ ಬಳಸಲಿಲ್ಲ ಎಂದು ಗೆಳೆಯರು ಕೇಳುತ್ತಾರೆ. ಹೊಸ ಆವೃತ್ತಿ ಸಿಗುತ್ತದೆ, ಮಷೀನಿನ ಉಳಿದದ್ದನ್ನು ಮುಟ್ಟದಂತೆ ಆಪ್‌ಗೆ ಬೇಲಿಯೂ ಇರುತ್ತದೆ, ನಿಜ. ಆದರೆ ಮೊದಲ ಆಪ್ ಜೊತೆಗೇ ನೂರಾರು ಎಂಬಿಯ ರನ್‌ಟೈಮ್ (ಆಪ್ ಓಡಲು ಬೇಕಾದ ತಳಹದಿ) ಇಳಿಯುತ್ತದೆ. ಹಾಟ್‌ಸ್ಪಾಟಿನವರಿಗೆ ಅದು ಆಗದ ಮಾತು. ನಾಲ್ಕು ಆಪ್‌ಗಳಿಗೆ ಮಾತ್ರ ಬಳಸುತ್ತೇನೆ. ಅದೂ ನೆಟ್‌ನಿಂದಲ್ಲ. ಫ್ಲ್ಯಾಟ್‌ಪ್ಯಾಕಿನಲ್ಲೇ ಪೆನ್‌ಡ್ರೈವಿಗೆ ತುಂಬುವ ಆಜ್ಞೆ ಇದೆ. ಅಂಗಡಿಗೆ ಬಂದವರಿಗೆ ಅದರಿಂದ ಹಾಕಿಕೊಡುತ್ತೇನೆ.

ಹುಡುಕಿ ಏನೂ ಸಿಗದ ಪದಗಳನ್ನು ಸ್ಟೋರ್ ಅದೇ ಮಷೀನಿನಲ್ಲಿ ಒಂದು ಫೈಲಿಗೆ ಬರೆದಿಡುತ್ತದೆ. ಎಲ್ಲಿಗೂ ಕಳಿಸುವುದಿಲ್ಲ. ರಿಪೇರಿಗೆ ಬಂದಾಗ ಗಿರಾಕಿಯನ್ನು ಕೇಳಿ ನೋಡುತ್ತೇನೆ. ಹೋದ ತಿಂಗಳು ಮೂರು ಮಷೀನಿನಲ್ಲಿ ಸಿಕ್ಕ ಪದ 'ಪಹಣಿ'. ಅದಕ್ಕೆ ಆಪ್ ಎಲ್ಲಿಂದ ತರಲಿ? ಭೂಮಿ ತಾಣ ತೆರೆಯುವ ಒಂದು ಐಕಾನ್ ಮಾಡಿ, ಡೆಬ್‌ನಲ್ಲಿ ಸುತ್ತಿ ಪಟ್ಟಿಗೆ ಸೇರಿಸಿದೆ. ಅಳತೆ ನಾಲ್ಕು ಕೆಬಿ. ಪಟ್ಟಿಯಲ್ಲಿ 113ನೆಯದು.