ಕಾರ್ಪೆಟ್ ಕಿತ್ತು ಹೊಸ ಫ್ಲೋರಿಂಗ್ ಹಾಕಿದ್ದು: ನನ್ನ ಅನುಭವ

ನಮ್ಮನೇಲಿ ಹಾಲ್‌ಗೂ ಮಲಗೋ ಕೋಣೆಗೂ ಗೋಡೆಯಿಂದ ಗೋಡೆವರೆಗೆ ಕಾರ್ಪೆಟ್ ಇತ್ತು. ವರ್ಷಗಟ್ಟಲೆ ವ್ಯಾಕ್ಯೂಮ್ ಹಾಕಿದ್ದೀವಿ, ಎರಡು ಸಲ ಶಾಂಪೂ ವಾಶ್ ಕೂಡ ಮಾಡ್ಸಿದೀವಿ, ಆದ್ರೂ ಕಿಟಕಿ ಮುಚ್ಚಿಟ್ಟು ಹೋಗಿ ಸಂಜೆ ಬಾಗಿಲು ತೆಗೆದ ಕೂಡ್ಲೇ ಮುಗ್ಗಲು ವಾಸನೆ ಮೂಗಿಗೆ ಬಡೀತಿತ್ತು, ಅಮ್ಮಂಗೆ ಬೆಳಗ್ಗೆ ಎದ್ರೆ ಸಾಲು ಸೀನು. ಕಿತ್ತು ಹಾಕೋಣ, ಕೆಲಸ ನಾನೇ ಮಾಡ್ತೀನಿ ಅಂತ ಹೊರಟಾಗ ನನ್ನ ಲೆಕ್ಕ ಏನಿತ್ತು ಅಂದ್ರೆ, ಕೀಳೋಕೆ ಒಂದಿನ, ಹಾಕೋಕೆ ಎರಡು ದಿನ. ಆಗಿದ್ದು ಹತ್ತಿರ ಹತ್ತಿರ ಎರಡು ತಿಂಗಳು. ಅದರಲ್ಲಿ ಹಲಗೆ ಜೋಡಿಸಿದ್ದು ಬರೀ ಮೂರು ದಿನ, ಮಿಕ್ಕಿದ್ದೆಲ್ಲಾ ಕೆಳಗಿನ ಕಾಂಕ್ರೀಟ್ ನೆಲದ ಜೊತೆ ಗುದ್ದಾಡಿದ್ದು. ಅದಕ್ಕೇ ನೆಲದ ಬಗ್ಗೆನೇ ಜಾಸ್ತಿ ಬರೀತಿದೀನಿ, ಹಲಗೆ ಅಂಚುಗಳನ್ನ ಒಂದಕ್ಕೊಂದು ಕ್ಲಿಕ್ ಅಂತ ಲಾಕ್ ಮಾಡೋದು ಯಾರಿಗಾದ್ರೂ ಅರ್ಧ ಗಂಟೇಲಿ ಕೈಗೆ ಬರುತ್ತೆ.

ಕೀಳೋದು ಕಷ್ಟ ಅಲ್ಲ, ಗಲೀಜು. ಮೂಲೇಲಿ ಒಂದು ಎಳೆ ಇಕ್ಕಳದಲ್ಲಿ ಹಿಡಿದು ಜಗ್ಗಿದ್ರೆ ಕಾರ್ಪೆಟ್ ಗೋಡೆ ಅಂಚಿನ ಮೊಳೆ ಪಟ್ಟಿಯಿಂದ ಚರ್ರಂತ ಬಿಟ್ಕೊಂಡು ಬರುತ್ತೆ. ಪೂರ್ತಿ ಒಂದೇ ಸುರುಳಿ ಮಾಡೋಕೆ ಹೋಗ್ಬೇಡಿ, ಅದನ್ನ ಇಬ್ಬರು ಸೇರಿದ್ರೂ ಎತ್ತೋಕಾಗಲ್ಲ. ಹಿಂಭಾಗ ಮೇಲೆ ಮಾಡಿ ಮಡಚಿ, ಎರಡೆರಡು ಅಡಿ ಅಗಲಕ್ಕೆ ಕಟ್ಟರ್‌ನಲ್ಲಿ ಸೀಳಿ, ಸುತ್ತಿ ಟೇಪ್ ಹಾಕಿ, ಒಂದೊಂದೇ ಆಚೆ ಸಾಗ್ಸಿ. ಬ್ಲೇಡ್ ಬೇಗ ಮೊಂಡಾಗುತ್ತೆ, ನಂಗೆ ಎರಡು ಕೋಣೆಗೆ ಒಂಬತ್ತು ಬ್ಲೇಡ್ ಹೋಯ್ತು. ಮಾಸ್ಕ್, ದಪ್ಪ ಗ್ಲೌಸ್, ಮಂಡಿಗೆ ಪ್ಯಾಡ್ ಮೂರೂ ಮೊದಲೇ ತಂದಿಟ್ಕೊಳ್ಳಿ. ಕಾರ್ಪೆಟ್ ಅಡಿಯ ಸ್ಪಾಂಜ್ ಪದರ ಎತ್ತಿದಾಗ ಅದರ ಕೆಳಗೆ ಜರಡಿ ಹಿಡಿದಂಥ ಸಣ್ಣ ಧೂಳು, ಬೆರಳಲ್ಲಿ ಗೆರೆ ಎಳೆದ್ರೆ ಗೆರೆ ಮೂಡೋಷ್ಟು ಕೂತಿತ್ತು. ವ್ಯಾಕ್ಯೂಮ್ ಹಾಕಿ ಹಾಕಿ ಸಾಕಾಗಿದ್ವಲ್ಲ, ಇದು ಅಷ್ಟೂ ದಿನ ನಮ್ಮ ಕಾಲ ಕೆಳಗೇ ಇತ್ತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ "ಇದರ ಮೇಲೇನಾ ನಾವು ಇಷ್ಟು ದಿನ ಮಲಗಿದ್ದು" ಅಂದ್ರು.

ಗೋಡೆ ಸುತ್ತ ಇರೋ ಮೊಳೆ ಪಟ್ಟಿ ಕೀಳುವಾಗ ಹುಷಾರು. ಅದರ ಸಣ್ಣ ಮೊಳೆಗಳು ಗೋಡೆ ಕಡೆಗೆ ವಾಲ್ಕೊಂಡು ಮೇಲೆ ಮುಖ ಮಾಡಿರ್ತವೆ, ಚಪ್ಪಲಿ ಅಲ್ಲ ಶೂ ಹಾಕ್ಕೊಂಡೇ ಓಡಾಡ್ಬೇಕು. ಪಟ್ಟೀನ ಕಾಂಕ್ರೀಟ್‌ಗೆ ಹೊಡೆದಿರೋದ್ರಿಂದ ಚಪ್ಪಟೆ ರಾಡ್ ಕೊಟ್ಟು ಮೀಟಿದ್ರೆ ಒಂದೊಂದು ಮೊಳೆ ಜೊತೆ ರೂಪಾಯಿ ಅಗಲದ ಕಾಂಕ್ರೀಟ್ ಚಕ್ಕೆನೂ ಎದ್ದು ಬರುತ್ತೆ. ನಾನು ಮೊದಲು ಗಾಬರಿ ಆದೆ, ಆಮೇಲೆ ಗೊತ್ತಾಯ್ತು ಅದು ಮಾಮೂಲಿ, ಆ ಗುಂಡಿಗಳನ್ನ ಪ್ಯಾಚಿಂಗ್ ಸಿಮೆಂಟ್ ಹಾಕಿ ಮುಚ್ಚಿದ್ರೆ ಆಯ್ತು.

ಇಲ್ಲಿ ಒಂದು ಮಾತು ಗಂಭೀರವಾಗಿ ಹೇಳ್ಬೇಕು. ನಿಮ್ಮನೆ 1980ಕ್ಕಿಂತ ಹಿಂದಿಂದಾಗಿದ್ದು, ಕಾರ್ಪೆಟ್ ಕೆಳಗೆ 9 ಅಂಗುಲ ಚೌಕದ ಹಳೇ ವಿನೈಲ್ ಥರದ ಟೈಲ್ಸು ಅಥವಾ ಕರಿ ಬಣ್ಣದ ಗೋಂದು ಕಂಡ್ರೆ ಕೈ ಹಾಕ್ಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಅನ್ನೋ ಖನಿಜದ ಎಳೆಗಳು ಇರೋ ಸಾಧ್ಯತೆ ಇದೆ. ಒಣ ಒಣಗೇ ಕೆರೆಯೋದು, ಸ್ಯಾಂಡಿಂಗ್ ಮಾಡೋದು ಅಂತೂ ಬೇಡವೇ ಬೇಡ, ಆ ಎಳೆಗಳು ಗಾಳೀಲಿ ಸೇರಿ ಶ್ವಾಸಕೋಶಕ್ಕೆ ಹೋದ್ರೆ ಕಾಯಿಲೆ ಕಾಣಿಸ್ಕೊಳ್ಳೋದು ಎಷ್ಟೋ ವರ್ಷ ಆದ್ಮೇಲೆ. ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ ಗೊತ್ತಾಗೋವರೆಗೆ ಹಾಗೇ ಬಿಡಿ.

ಚಿಕ್ಕ ಕೋಣೆ ಮೊದಲು ಮಾಡ್ದೆ, ಕೈ ಪಳಗ್ಲಿ ಅಂತ. ಅಲ್ಲಿ 8 ಮಿಲಿಮೀಟರ್ ಲ್ಯಾಮಿನೇಟ್. ಬಾಕ್ಸ್‌ಗಳನ್ನ ತಂದು ಅದೇ ಕೋಣೇಲಿ 48 ಗಂಟೆ ಹಾಗೇ ಇಟ್ಟಿದ್ದೆ, ಆ ಹವೆಗೆ ಒಗ್ಗಲಿ ಅಂತ. ಕಾಂಕ್ರೀಟ್ ಮೇಲೆ ಪಾಲಿಥೀನ್ ಹಾಳೆ, ಹಾಳೆ ಮೇಲೆ ಹಾಳೆ ಒಂದು ಗೇಣು ಹತ್ತಿಸಿ ಟೇಪ್ ಹಾಕಿ, ಅದರ ಮೇಲೆ ಫೋಮ್, ಆಮೇಲೆ ಹಲಗೆ. ಸುತ್ತ ಗೋಡೆಗೆ ಒಂದು ಸೆಂಟಿಮೀಟರ್ ಜಾಗ ಬಿಟ್ಟೆ. ಆದ್ರೆ ಬಾಗಿಲು ಚೌಕಟ್ಟಿನ ಹತ್ರ ಮಾತ್ರ ಅಲ್ಲಿ ಸ್ಕರ್ಟಿಂಗ್ (ಗೋಡೆ ಬುಡದ ಸಂದಿ ಮುಚ್ಚೋ ಪಟ್ಟಿ) ಬರಲ್ಲ, ಸಂದಿ ಕಂಡ್ರೆ ಅಸಹ್ಯ ಅಂತ ಹಲಗೇನ ಚೌಕಟ್ಟಿಗೆ ಒತ್ತಿ ಕೂರಿಸ್ಬಿಟ್ಟೆ. ಇದರ ಕಥೆ ಮುಂದೆ ಬರುತ್ತೆ.

ಹಾಲ್‌ದು ಬೇರೇನೇ ಆಯ್ತು. ಕಿಟಕಿ ಕೆಳಗೆ ಕಾರ್ಪೆಟ್ ಎತ್ತಿದ್ರೆ ಮೊಳೆಗಳು ತುಕ್ಕು ಹಿಡಿದು, ಪಟ್ಟಿಯ ಮರ ಮುಟ್ಟಿದ್ರೆ ಪುಡಿ ಆಗ್ತಿತ್ತು, ಸ್ಪಾಂಜ್ ಹಿಂದೆ ಕಪ್ಪು ಬೂಸ್ಟು, ಕಾಂಕ್ರೀಟ್ ಮೇಲೆ ಎರಡು ಅಡಿ ಉದ್ದದ ಕಂದು ಕಲೆ, ಕಲೆ ಅಂಚಿಗೆ ಉಪ್ಪಿನ ಥರ ಬಿಳಿ ಪುಡಿ. ಮುಗ್ಗಲು ವಾಸನೆ ತವರು ಇದೇ. ಕೈ ಇಟ್ರೆ ಒಣಗಿದಂಗೇ ಇತ್ತು, ಅದೇ ಮೋಸ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಎರಡು ಕತ್ತರಿಸಿ, ಒಂದನ್ನ ಕಲೆ ಮೇಲೆ, ಇನ್ನೊಂದನ್ನ ಹಾಲ್ ನಡುವೆ, ನಾಲ್ಕೂ ಕಡೆ ಗಾಳಿ ಆಡದಂಗೆ ಟೇಪ್ ಹಾಕಿ ಒಂದು ಪೂರ್ತಿ ದಿನ ಬಿಟ್ಟೆ. ಮಾರನೇ ದಿನ ನಡುವಿಂದು ಹಾಗೇ ಇತ್ತು, ಕಿಟಕಿ ಹತ್ರದ್ದರ ಒಳಮೈಗೆ ಸಾಸಿವೆ ಗಾತ್ರದ ಹನಿಗಳು, ಬೆರಳಲ್ಲಿ ತಟ್ಟಿದ್ರೆ ಒಂದಕ್ಕೊಂದು ಕೂಡಿ ಜಾರ್ತಿದ್ವು, ಕೆಳಗಿನ ಕಾಂಕ್ರೀಟ್ ಕಡುಬೂದಿ ಬಣ್ಣಕ್ಕೆ ತಿರುಗಿತ್ತು. ಇದು ಒರಟು ಪರೀಕ್ಷೆ ಅಷ್ಟೇ, ಹನಿ ಬಂದ್ರೆ ಪಸೆ ಇದೆ ಅಂತ ಹೇಳುತ್ತೆ, ಬರ್ಲಿಲ್ಲ ಅಂದ್ರೆ ಪೂರ್ತಿ ಒಣಗಿದೆ ಅಂತ ನಂಬೋಕಾಗಲ್ಲ. ಅಸಲಿ ಮರದ ಫ್ಲೋರಿಂಗ್ ಹಾಕೋರು ತೇವ ಅಳೆಯೋ ಮಾಯಿಶ್ಚರ್ ಮೀಟರ್ ಇಟ್ಟು ನೋಡಲೇಬೇಕು.

ಆಗ ಸಾಮಾನು ಬಂದಿತ್ತು, ಸೋಫಾ ಕೋಣೇಲಿ ಒಂದರ ಮೇಲೊಂದು, ಮನೇಲಿ ಎಲ್ರಿಗೂ ಕಿರಿಕಿರಿ. ನೆಲಕ್ಕೆ ವಾಟರ್‌ಪ್ರೂಫ್ ಬಳಿದು ಮೇಲೆ ಹಾಕ್ಬಿಡಿ ಅಂತ ಬಂದು ನೋಡಿದ ಒಬ್ಬ ಗುತ್ತಿಗೆದಾರ ಹೇಳ್ದ. ನಂಗೆ ಮನಸ್ಸು ಒಪ್ಪಲಿಲ್ಲ. ನೀರು ಎಲ್ಲಿಂದ ಬರ್ತಿದೆ ಅಂತ ಗೊತ್ತಿಲ್ಲದೆ ಮುಚ್ಚಿದ್ರೆ ಅದು ಇನ್ನೊಂದು ಕಡೆ ಎದ್ದು ಗೋಡೆ ಹತ್ತುತ್ತೆ. ಹೊರಗಡೆ ಏಣಿ ಹಾಕಿ ನೋಡಿದೆ, ಕಿಟಕಿ ಫ್ರೇಮಿಗೂ ಗೋಡೆಗೂ ನಡುವಿನ ಸೀಲೆಂಟ್ ಒಣಗಿ ಬಿರಿದು ಉಗುರು ತೂರೋಷ್ಟು ಸಂದಿ ಬಿಟ್ಟಿತ್ತು. ಹೋಸ್ ಪೈಪಲ್ಲಿ ಅಲ್ಲಿಗೆ ನೀರು ಬಿಡ್ತಾ ಹೆಂಡ್ತೀನ ಒಳಗೆ ನಿಲ್ಸಿದೆ, ಹತ್ತು ನಿಮಿಷಕ್ಕೆ "ರೀ, ಬರ್ತಿದೆ ನೋಡಿ" ಅಂತ ಕೂಗಿದ್ಲು. ಅಷ್ಟು ಸಣ್ಣ ಸಂದಿ. ಹಳೇ ಸೀಲೆಂಟ್ ಪೂರ್ತಿ ಕೆರೆದು ತೆಗೆದು, ಒಣಗಿಸಿ, ಹೊಸದು ತುಂಬಿ, ಅದೇ ಪೈಪ್ ಪರೀಕ್ಷೆ ಮತ್ತೆ ಮಾಡ್ದೆ. ಆಮೇಲೆ ಫ್ಯಾನ್ ಹಾಕಿ ಕಿಟಕಿ ತೆಗೆದು ಬರೀ ಕಾಂಕ್ರೀಟ್ ಮೇಲೆ ನಾಲ್ಕು ವಾರ ಕಾದ್ವಿ, ವಾರಕ್ಕೊಂದು ಸಲ ಪ್ಲಾಸ್ಟಿಕ್ ಹಾಳೆ. ಮೂರನೇ ವಾರಕ್ಕೆ ಹನಿ ನಿಂತ್ವು, ಆದ್ರೂ ಇನ್ನೊಂದು ವಾರ ಬಿಟ್ಟೆ, ಮೀಟರ್ ಬಾಡಿಗೆಗೆ ತಂದು ಕಲೆ ಮೇಲೂ ಹಾಲ್ ನಡುವೆನೂ ಇಟ್ಟು ನೋಡಿದೆ, ಎರಡು ಕಡೆನೂ ಒಂದೇ ಅಂಕಿ ತೋರಿಸ್ತು.

ಈ ಕಾಯೋ ಸಮಯದಲ್ಲೇ ಕೋಣೆ ಕೈ ಕೊಟ್ಟಿದ್ದು. ಹವೆಯಲ್ಲಿ ತೇವ ಜಾಸ್ತಿ ಇದ್ದ ಒಂದು ವಾರ, ಬಾಗಿಲಿಂದ ಮೂರು ಹೆಜ್ಜೆ ಒಳಗೆ ಹಲಗೆಗಳ ಜೋಡಣೆ ಗುಬುಟಾಗಿ ಎದ್ದು, ಕಾಲಿಟ್ರೆ ತಗ್ಗಿ, ಕಾಲು ತೆಗೆದ್ರೆ ಮತ್ತೆ ಏಳ್ತಿತ್ತು. ಲ್ಯಾಮಿನೇಟ್ ಒಳಗೆ ಇರೋದು ಒತ್ತಿದ ಮರದ ನಾರು, ತೇವ ಕುಡಿದ್ರೆ ಹಿಗ್ಗಲೇಬೇಕು, ಹಿಗ್ಗೋಕೆ ಜಾಗ ಇಲ್ದಿದ್ರೆ ಮೇಲಕ್ಕೆ ಏಳದೆ ಇನ್ನೇನು ಮಾಡುತ್ತೆ. ಮೂರು ಗೋಡೆಗೆ ಜಾಗ ಬಿಟ್ಟಿದ್ದು, ಬಾಗಿಲಲ್ಲಿ ಕಚ್ಚಿಸಿದ ಆ ಒಂದೇ ತಪ್ಪಿಗೆ ವ್ಯರ್ಥ ಆಯ್ತು. ಚೌಕಟ್ಟಿನ ಹತ್ರ ಮಲ್ಟಿ ಟೂಲ್ (ಕರೆಂಟಿನ ಸಣ್ಣ ಕೊಯ್ಯೋ ಉಪಕರಣ) ಇಟ್ಟು 8 ಮಿಲಿಮೀಟರ್ ಪಟ್ಟಿ ಕೊಯ್ದು ತೆಗೆದೆ, ಎರಡು ದಿನಕ್ಕೆ ಗುಬುಟು ತಾನೇ ಕೂತ್ಕೊಂಡ್ತು. ಸರಿ ದಾರಿ ಏನಂದ್ರೆ, ಹಲಗೆ ಚೂರೊಂದನ್ನ ಫೋಮ್ ಸಮೇತ ನೆಲಕ್ಕಿಟ್ಟು, ಅದರ ಮೇಲೆ ಗರಗಸ ಮಲಗಿಸಿ ಚೌಕಟ್ಟಿನ ಬುಡನೇ ಅಷ್ಟು ಎತ್ತರಕ್ಕೆ ಕೊಯ್ದು, ಹಲಗೇನ ಅದರ ಕೆಳಗೆ ತೂರಿಸೋದು. ಆಗ ಸಂದಿನೂ ಕಾಣಲ್ಲ, ಹಲಗೆಗೆ ಓಡಾಡೋಕೆ ಜಾಗನೂ ಇರುತ್ತೆ. ಹಾಲ್‌ನಲ್ಲಿ ಹಾಗೇ ಮಾಡ್ದೆ. ಭಾರದ ಕಪಾಟನ್ನ ಎರಡು ಕಡೆ ಇಟ್ಟು ನೆಲಾನ ಒತ್ತಿ ಹಿಡಿಯೋದೂ, ಸ್ಕರ್ಟಿಂಗ್‌ನ ಹಲಗೆಗೆ ಮೊಳೆ ಹೊಡೆಯೋದೂ ಇದೇ ಥರದ ತಪ್ಪು, ಸ್ಕರ್ಟಿಂಗ್ ಗೋಡೆಗೇ ಹೊಡೀಬೇಕು.

ಇನ್ನು ಮಟ್ಟ. ಎರಡು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಇಟ್ಟು ಹಾಲ್ ಪೂರ್ತಿ ನೋಡಿದೆ, ತಂದಿದ್ದ ಬಾಕ್ಸ್ ಮೇಲೆ 2 ಮೀಟರ್‌ಗೆ 3 ಮಿಲಿಮೀಟರ್‌ಗಿಂತ ಜಾಸ್ತಿ ತಗ್ಗು ಇರಬಾರ್ದು ಅಂತಿತ್ತು, ನಮ್ಮದ್ರಲ್ಲಿ ನಡುವೆ 9 ಇತ್ತು. ಕಾರ್ಪೆಟ್ ಇದ್ದಾಗ ಅದು ಯಾರಿಗೂ ಗೊತ್ತಾಗ್ಲೇ ಇಲ್ಲ. ತಗ್ಗಿನ ಮೇಲೆ ಹಾಗೇ ಹಲಗೆ ಹಾಕಿದ್ರೆ ನಡೆದಾಗೆಲ್ಲಾ ಲಾಕ್ ಬಗ್ಗಿ ಬಗ್ಗಿ ಒಂದಿನ ಮುರಿಯುತ್ತೆ. ಸೆಲ್ಫ್ ಲೆವೆಲಿಂಗ್ ಸಿಮೆಂಟ್ ಹಾಕಿದೆ. ಹೆಸರು ನೋಡಿ ಅದೇ ಹರಡ್ಕೊಳ್ಳುತ್ತೆ ಅನ್ಕೊಳ್ತೀವಿ, ಅರ್ಧ ಮಾತ್ರ ನಿಜ. ಮೊದಲು ಧೂಳು ಒಂದು ಚೂರೂ ಇಲ್ಲದಂಗೆ ತೆಗೆದು ಪ್ರೈಮರ್ ಹಚ್ಚಲೇಬೇಕು, ಇಲ್ದಿದ್ರೆ ಒಣ ಕಾಂಕ್ರೀಟ್ ನೀರು ಹೀರ್ಕೊಂಡು ಪದರ ಸಿಪ್ಪೆ ಥರ ಏಳುತ್ತೆ. ನೀರು ಚೀಲದ ಮೇಲೆ ಬರೆದಷ್ಟೇ, ಅಳೆದು. ಕಲೆಸಿದ ಮೇಲೆ ಕೈಯಲ್ಲಿ ಇರೋದು ಹತ್ತು ಹದಿನೈದು ನಿಮಿಷ, ಅದಕ್ಕೇ ಒಬ್ಬರು ಕಲೆಸ್ತಾ ಇರ್ಬೇಕು, ಒಬ್ಬರು ಸುರಿದು ಎಳೀತಾ ಇರ್ಬೇಕು. ಚದರ ಮೀಟರ್‌ಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಒಂದೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ ಪುಡಿ ಹಿಡಿಯುತ್ತೆ, ಚೀಲ ಎಷ್ಟು ಬೇಕು ಅಂತ ಇದರಿಂದ ಲೆಕ್ಕ ಹಾಕಿ, ಒಂದು ಎಕ್ಸ್‌ಟ್ರಾ ತನ್ನಿ.

ಹಾಲ್‌ಗೆ ಎಸ್‌ಪಿಸಿ ತಗೊಂಡೆ, ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ, ನೀರಿಗೆ ಉಬ್ಬಲ್ಲ. ಅದರ ಹಿಂದೇನೇ ಪ್ಯಾಡ್ ಅಂಟಿಸಿತ್ತು, ಹಾಗಿದ್ರೆ ಕೆಳಗೆ ಮತ್ತೊಂದು ಮೆತ್ತನೆ ಫೋಮ್ ಹಾಕ್ಬಾರ್ದು, ಮೆತ್ತಗಾದಷ್ಟೂ ಲಾಕ್‌ಗೆ ಪೆಟ್ಟು. ಹಾಕೋ ಮುಂಚೆ ಸಾಲುಗಳ ಲೆಕ್ಕ ಮಾಡಿ. ನಮ್ಮದು ಗ್ಯಾಪ್ ಕಳೆದು 325 ಸೆಂಟಿಮೀಟರ್ ಅಗಲ, ಹಲಗೆ 19. ಹದಿನೇಳು ಸಾಲು ಪೂರ್ತಿ ಹಾಕಿದ್ರೆ ಕೊನೇಲಿ 2 ಸೆಂಟಿಮೀಟರ್ ಚೂರು ಉಳೀತಿತ್ತು, ಅದು ನಿಲ್ಲೋದೂ ಇಲ್ಲ, ನೋಡೋಕೂ ಚೆನ್ನಾಗಿರಲ್ಲ. ಅದಕ್ಕೆ ಮೊದಲ ಸಾಲನ್ನೇ ಉದ್ದಕ್ಕೆ ಸೀಳಿ ಹತ್ತೂವರೆ ಮಾಡ್ದೆ, ಕೊನೇದೂ ಹತ್ತೂವರೆನೇ ಬಂತು. ಪಕ್ಕದ ಸಾಲಿನ ಜೋಡಣೆ ಒಂದು ಅಡಿ ಆದ್ರೂ ಹಿಂದೆ ಮುಂದೆ ಇರ್ಲಿ. ಹಲಗೆ ಅಂಚಿಗೆ ಸುತ್ತಿಗೆ ನೇರ ಹೊಡೀಬೇಡಿ, ಮಧ್ಯೆ ಟ್ಯಾಪಿಂಗ್ ಬ್ಲಾಕ್ ಇಟ್ಟು ಹಗುರಕ್ಕೆ ತಟ್ಟಿ. ಹತ್ತು ಪರ್ಸೆಂಟ್ ಜಾಸ್ತಿ ಸಾಮಾನು ತಗೊಂಡಿದ್ದೆ, ಒಂದು ಬಾಕ್ಸ್ ಉಳೀತು, ಅದನ್ನ ಅಟ್ಟದ ಮೇಲೆ ಇಟ್ಟಿದೀನಿ, ಮುಂದೆ ಒಂದು ಹಲಗೆ ಕೆಟ್ರೆ ಅದೇ ಬಣ್ಣ ಮತ್ತೆ ಸಿಗೋದು ಕಷ್ಟ.

ಮುಗಿದ ದಿನ ರಾತ್ರಿ ಎಲ್ರೂ ಗಮನಿಸಿದ್ದು ಸದ್ದು. ಮಾತಾಡಿದ್ರೆ ಗೋಡೆಗೆ ಬಡಿದು ವಾಪಸ್ ಬರ್ತಿತ್ತು, ಚಮಚ ಬಿದ್ರೆ ಮನೆಯೆಲ್ಲಾ ಠಣ್. ಕಾರ್ಪೆಟ್ ಅಷ್ಟು ದಿನ ಅದನ್ನೆಲ್ಲಾ ನುಂಗ್ತಿತ್ತು. ಪರದೆ ದಪ್ಪದ್ದು ಹಾಕಿ, ಸೋಫಾ ಮುಂದೆ ಒಗೆಯೋಕೆ ಆಗೋ ಒಂದು ಜಮಖಾನ ಹಾಸಿದ್ಮೇಲೆ ಸುಮಾರಾಗಿ ತಗ್ತು. ಕುರ್ಚಿ ಕಾಲಿಗೆಲ್ಲಾ ಫೆಲ್ಟ್ ಅಂಟಿಸಿದೀನಿ. ಅಮ್ಮಂಗೆ ಬೆಳಗಿನ ಸೀನು ಪೂರ್ತಿ ಹೋಗಿಲ್ಲ, ಆದ್ರೆ ಒಂದೋ ಎರಡೋ, ಮೊದಲಿನಂಗೆ ಸಾಲು ಇಲ್ಲ. ಮೆಟ್ಟಿಲ ಮೇಲಿನ ಕಾರ್ಪೆಟ್ ಇನ್ನೂ ಹಾಗೇ ಇದೆ, ಅಲ್ಲಿ ಹೀಗೆ ನೆಲಕ್ಕೆ ಅಂಟಿಸದೆ ಹಾಸೋ ತೇಲೋ ಹಲಗೆ ನಡೆಯಲ್ಲ, ಪ್ರತಿ ಹಂತನೂ ಗೋಂದು ಹಾಕಿ ಭದ್ರ ಮಾಡ್ಬೇಕು, ಅಂಚಿಗೆ ನೋಸಿಂಗ್ ಅನ್ನೋ ಪಟ್ಟಿ ಕೂರಿಸ್ಬೇಕು. ಮೊನ್ನೆ ಕೆಳಗಿನ ಹಂತದ ಮೂಲೆ ಮಾತ್ರ ಎತ್ತಿ ನೋಡಿದೆ, ಮರ ಗಟ್ಟಿಯಾಗಿದೆ, ಕಲೆ ಇಲ್ಲ.