ಊಟಕ್ಕೆ ಮುಂಚಿನ ಒಂದು ಗಂಟೆ

ಬೆಂಗಳೂರಿಗೆ ಹೋಗದೆ, ಬ್ಯಾಂಡ್ ಇಲ್ಲದೆ, ಮಂಗಳೂರಿನಲ್ಲೇ ಕೂತು ಬರೀ ಅಕೌಸ್ಟಿಕ್ ಗಿಟಾರ್ ನಂಬಿ ಮನೆ ನಡೆಸ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಸೋದರಮಾವ ಅಂತೂ "ಎಂತ ಮಾರಾಯ, ದುಬೈಗೆ ವೀಸಾ ಮಾಡಿಸ್ತೇನೆ, ಸುಮ್ನೆ ಹೋಗು" ಅಂದಿದ್ದರು. 11 ವರ್ಷ ಆಯ್ತು. ಹೋದ ವರ್ಷ ಅದೇ ಮಾವ ಮಗಳ ಮೆಹಂದಿಗೆ ನನ್ನನ್ನು ಕರೆದರು. ನುಡಿಸಿದೆ, ದುಡ್ಡೂ ತಗೊಂಡೆ.

ಮೊದಲ ಮೂರು ವರ್ಷ ಬರೀ ಲಾಸ್. ಬೆಂದೂರಿನಲ್ಲಿ ಒಂದು ಕೋಣೆ, ನಾಲ್ಕು ಮಕ್ಕಳು, ತಿಂಗಳಿಗೆ ತಲಾ 600 ರೂಪಾಯಿ. ಮಗುವಿಗೆ ಶೀತ ಆದರೆ ಎರಡು ಕ್ಲಾಸ್ ಕಟ್, ಅದರ ದುಡ್ಡೂ ಕಟ್. ಮಣಿಪಾಲದಲ್ಲಿ ಕಾಲೇಜು ಹುಡುಗರು ಸಿಗ್ತಾರೆ ಅಂತ ವಾರಕ್ಕೆ ಎರಡು ದಿನ ಬಸ್ಸಿನಲ್ಲಿ ಹೋಗಿ ಬಂದೆ, ಹೆಚ್ಚುಕಮ್ಮಿ 65 ಕಿಲೋಮೀಟರ್. ಹುಡುಗರೇನೋ ಸಿಕ್ಕಿದರು. ಆದರೆ ಎರಡು ತಿಂಗಳಾಗುವಾಗ ಪರೀಕ್ಷೆ, ಆಮೇಲೆ ರಜೆ, ಆಮೇಲೆ ಫೋನೇ ಎತ್ತುವುದಿಲ್ಲ. ಒಂದು ಹೋಟೆಲಿನವರು ಮೂರು ತಿಂಗಳು ಶನಿವಾರ ಶನಿವಾರ ನುಡಿಸಿಕೊಂಡು ಸುಮಾರು 14,000 ಬಾಕಿ ಇಟ್ಟರು. ಹೆಸರು ಬೇಡ. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಹೊಟ್ಟೆ ಉರಿಯುತ್ತದೆ.

ಆಮೇಲೆ ತಿಂಗಳ ಫೀಸನ್ನೇ ಬಿಟ್ಟೆ. 10 ಕ್ಲಾಸಿಗೆ ಒಂದು ಕಂತು, ಮೊದಲೇ ಕೊಡಬೇಕು, ಹಿಂದಿನ ದಿನ ಹೇಳದೆ ತಪ್ಪಿಸಿದರೆ ಆ ಕ್ಲಾಸ್ ಹೋಯ್ತು. ಇಬ್ಬರು ತಾಯಂದಿರು ಸಿಟ್ಟಾಗಿ ಮಕ್ಕಳನ್ನು ಬಿಡಿಸಿದರು. ಜೊತೆಗೆ ನುಡಿಸುವವರು "ಇದು ಬೆಂಗಳೂರಲ್ಲ, ಇಲ್ಲಿ ನಡೆಯುವುದಿಲ್ಲ" ಅಂದರು. ನಡೆಯಿತು. ಈಗ 38 ಜನ ಇದ್ದಾರೆ, ಒಂದೆರಡು ಆಚೆ ಈಚೆ.

ನಿಜವಾಗಿ ಕೈ ಹಿಡಿದದ್ದು ಮದುವೆ, ಅದೂ ಯಾರಿಗೂ ಬೇಡದ ಹೊತ್ತು. ನಮ್ಮ ಕಡೆ ರಿಸೆಪ್ಶನ್ ಅಂದರೆ ಬ್ಯಾಂಡಿನವರಿಗೆ ಬೇಕಾದದ್ದು ಮದುಮಕ್ಕಳಿಗೆ ಶುಭ ಕೋರುವ ಟೋಸ್ಟ್ ಮತ್ತು ಡ್ಯಾನ್ಸಿನ ಹೊತ್ತು. ಅದಕ್ಕೆ ಮುಂಚೆ ಜನ ಒಬ್ಬೊಬ್ಬರೇ ಬರುತ್ತಾ ಜ್ಯೂಸ್ ಹಿಡಿದು ನೆಂಟರನ್ನು ಮಾತಾಡಿಸುವ ಒಂದು ಗಂಟೆ ಇದೆಯಲ್ವಾ, ಆಗ ಮದುವೆ ಹಾಲಿನಲ್ಲಿ ಪೆನ್‌ಡ್ರೈವ್ ಹಾಡು ಹಾಕಿರ್ತಾರೆ. ನಾನು ಆ ಗಂಟೆಯನ್ನು ಕೇಳಿದೆ. ಬಾಗಿಲ ಹತ್ತಿರ ಒಂದು ಕುರ್ಚಿ, ಬ್ಯಾಟರಿ ಆಂಪ್, ಹಾಡು ಇಲ್ಲ, ಬರೀ ಫಿಂಗರ್‌ಪಿಕಿಂಗ್, ಅಂದರೆ ಬೆರಳಿನಿಂದ ತಂತಿ ಮೀಟುವುದು. ಮೊದಲ ಸಲ 2,500 ಕೊಟ್ಟರು. ಆ ದಿನ ಹಾಲಿನ ಸೌಂಡಿನವನು ನನ್ನ ಲೈನನ್ನು ದೊಡ್ಡ ಸ್ಪೀಕರಿಗೆ ಹಾಕಿ, ಫೀಡ್‌ಬ್ಯಾಕ್ ಬಂದು ಕೀ ಅಂತ ಕಿರುಚಿ, ಮದುಮಗನ ಅಜ್ಜಿ ಕಿವಿ ಮುಚ್ಚಿಕೊಂಡರು. ಅವತ್ತಿನಿಂದ ಹಾಲಿನ ಸಿಸ್ಟಮ್ ಮುಟ್ಟುವುದೇ ಇಲ್ಲ. ಈಗ 8-9 ಸಾವಿರ ಕೇಳ್ತೇನೆ, ಕೊಡ್ತಾರೆ. ಕೊಂಕಣಿಯ ಯಾವ ಹಾಡಿನಿಂದ ಶುರು ಮಾಡಿದರೆ ಅಜ್ಜಿಯಂದಿರು ಮಾತು ನಿಲ್ಲಿಸಿ ಇತ್ತ ತಿರುಗುತ್ತಾರೆ ಅನ್ನುವುದು ಗೊತ್ತಿದೆ, ಆದರೆ ಅದನ್ನು ಹೇಳುವುದಿಲ್ಲ. ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರ ತಿಂಗಳ ಕಾರ್ಯಕ್ರಮಗಳಿಗೆ ಹೋಗಿ, ವೇದಿಕೆ ಬಿಟ್ಟು ಜನರ ಮುಖ ನೋಡಿ ಕಲಿತದ್ದು ಅದು.

ವರ್ಷದ ಲೆಕ್ಕವೂ ತಾನಾಗಿ ಕೂತಿತು. ಕ್ರಿಸ್‌ಮಸ್ ಕಳೆದ ಮೇಲೆ ತಪಸ್ಸುಕಾಲದವರೆಗೆ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಒಂದು ಸೀಸನ್, ಈಸ್ಟರ್ ಆದ ಮೇಲೆ ಮೇ ತನಕ ಇನ್ನೊಂದು. ಆಗ ಮಕ್ಕಳೂ ಅಜ್ಜಿಮನೆಗೆ ಹೋಗಿರ್ತಾರೆ. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಮದುವೆಯೇ ಕಮ್ಮಿ, ಆದರೆ ಜೂನಿನಲ್ಲಿ ಶಾಲೆ ಶುರುವಾಗಿ ಕ್ಲಾಸ್ ತುಂಬಿರುತ್ತದೆ. ಮಳೆಗಾಲ ಕಲಿಸುವುದಕ್ಕೆ, ಬೇಸಿಗೆ ನುಡಿಸುವುದಕ್ಕೆ.

ಆ ಮಳೆಗಾಲದಲ್ಲೇ ಜಾಸ್ತಿ ದುಡ್ಡು ಹೋದದ್ದು. ಸಾಲ ಮಾಡಿ 42,000ಕ್ಕೆ ಸಾಲಿಡ್ ಟಾಪ್ ಗಿಟಾರ್ (ಮುಖ ಪ್ಲೈವುಡ್ ಅಲ್ಲ, ಗಟ್ಟಿ ಮರ) ತಂದಿದ್ದೆ. ತಂದ ಮೇಲೆ ಬಂದ ಎರಡನೇ ಜುಲೈಯಲ್ಲಿ ಗಿಟಾರಿನ ಹೊಟ್ಟೆ ಉಬ್ಬಿ ಆ್ಯಕ್ಷನ್ (ತಂತಿಗೂ ಮರಕ್ಕೂ ಇರುವ ಅಂತರ) ಏರಿತು. ಕುತ್ತಿಗೆಯೊಳಗಿನ ಟ್ರಸ್ ರಾಡ್ ತಿರುಗಿಸಿದೆ, ತಂತಿ ಕೂರುವ ಸ್ಯಾಡಲ್ ಉಜ್ಜಿದೆ, ಏನೂ ಆಗಲಿಲ್ಲ. ಒಂದು ದಿನ ತಂತಿ ಕಟ್ಟುವ ಬ್ರಿಡ್ಜಿನ ಹಿಂದೆ ಸುಮ್ನೆ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದರೆ ಅರ್ಧ ಇಂಚು ಒಳಗೆ ಹೋಯಿತು! ತಂತಿಗಳು ಸುಮಾರು 70 ಕೆಜಿ ಎಳೆಯುತ್ತಿರುವಾಗ ಒದ್ದೆ ಗಾಳಿಗೆ ಅಂಟು ಎಷ್ಟು ದಿನ ತಡೆಯುತ್ತದೆ? ಪೀಠೋಪಕರಣ ಮಾಡುವವರೊಬ್ಬರು ಹಳೇ ಅಂಟಿನ ಮೇಲೇ ಹೊಸತು ಸುರಿದು ಕೊಟ್ಟರು, ಮೂರೇ ವಾರ ನಿಂತಿತು. ಕೊನೆಗೆ ನಾನೇ ಹಳೇ ಅಂಟನ್ನು ಪೂರ್ತಿ ಕೆರೆದು, ಕ್ಲಾಂಪ್ ಹಾಕಿ, ಒಂದು ದಿನ ಬಿಟ್ಟು, ತಂತಿ ಏರಿಸಲು ಇನ್ನೂ ಎರಡು ದಿನ ಕಾದೆ. ಇವತ್ತಿಗೂ ಗಟ್ಟಿ ಇದೆ.

ತೇವ ಆರಲಿ ಅಂತ ಕಪಾಟಿನೊಳಗೆ ಬಲ್ಬ್ ಉರಿಸಿಯೂ ನೋಡಿದೆ. 60 ವಾಟಿನದ್ದು ಹಾಕಿದ್ದು ತಪ್ಪು. ಮರ ಕುಗ್ಗಿ ಫ್ರೆಟ್‌ಗಳ (ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳ) ತುದಿ ಹೊರಗೆ ಬಂದು ಬೆರಳು ಕೊಯ್ದಿತು. ಈಗ ಗಿಟಾರ್ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಮಣಿ ಇಡ್ತೇನೆ. ನೀಲಿ ಮಣಿ ಗುಲಾಬಿಯಾದರೆ ಹುರಿದು ಮತ್ತೆ ನೀಲಿ ಮಾಡುವುದು. ಮೊದಲ ಸಲ ಅಮ್ಮನ ದೋಸೆ ಕಾವಲಿಯಲ್ಲಿ ಹುರಿದೆ, ಅದರ ಕತೆ ಬೇಡ, ಆ ಮಣಿ ವಿಷವೂ ಹೌದು. ಕಾವಲಿ ಬಿಸಾಡಿ, ಅಮ್ಮನಿಗೆ ಹೊಸತು ತಂದುಕೊಟ್ಟು, ಮಣಿಗೆ ಬೇರೆಯೇ ಇಟ್ಟಿದ್ದೇನೆ. ಕ್ಲಾಸಿಗೂ ಮದುವೆಗೂ ಪ್ಲೈವುಡ್ ಗಿಟಾರೇ. ಮಲ್ಪೆಯ ಬೀಚಿನಲ್ಲಿ ಒಂದು ಸಂಜೆ ನುಡಿಸಿದರೆ ಸಾದಾ ತಂತಿ ವಾರದಲ್ಲಿ ತುಕ್ಕು, ಹಾಗಾಗಿ ಅಲ್ಲಿಗೆ ಮಾತ್ರ ಲೇಪ ಇರುವ ಕೋಟೆಡ್ ತಂತಿ, ಅದರ ದುಡ್ಡು ಬಿಲ್ಲಿಗೆ ಸೇರಿಸಿ.

ನಡುವೆ ಒಂದು ಹುಚ್ಚು ಹಿಡಿದಿತ್ತು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದ ಊರು ನಮ್ಮದು, ಗಿಟಾರಿನಲ್ಲಿ ಯಾಕಾಗಬಾರದು ಅಂತ. ಡ್ಯಾಡ್‌ಗ್ಯಾಡ್ ಟ್ಯೂನಿಂಗಿನಲ್ಲಿ (ಆರು ತಂತಿಗೆ D-A-D-G-A-D ಸ್ವರ) ಮೋಹನ ರಾಗ ಚೆನ್ನಾಗಿ ಬಂತು. ತೋಡಿ ರಾಗದ ಅಲುಗಾಡುವ ಗಾಂಧಾರ ಸ್ವರ ಮಾತ್ರ ಬರಲೇ ಇಲ್ಲ. ತಂತಿ ಎಳೆದು ಎಳೆದು ಬೆರಳು ಬಿರಿಯಿತು. ಎಂಟು ತಿಂಗಳು ಹೋಯಿತು, ಒಂದು ರೂಪಾಯಿ ಹುಟ್ಟಲಿಲ್ಲ. ಆದರೆ ಇಡೀ ಗಿಟಾರನ್ನು ಒಂದು ಸ್ವರ ಇಳಿಸಿದರೆ ಬೆರಳಿಗೆ ಎಷ್ಟು ಹಗುರ ಅನ್ನುವುದು ಆಗ ಗೊತ್ತಾಯಿತು. ಈಗ ಹೊಸಬರಿಗೆಲ್ಲ ಹಾಗೇ ಇಳಿಸಿ, ಐದನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಕೊಡ್ತೇನೆ. ತಂತಿ ಮರದ ಹತ್ತಿರ ಬರುತ್ತದೆ, ಫ್ರೆಟ್‌ಗಳೂ ಹತ್ತಿರ ಹತ್ತಿರ. ಆಮೇಲೆ ಕೇಪೋ ವಾರಕ್ಕೆ ಒಂದು ಫ್ರೆಟ್ ಹಿಂದೆ. ಮೊದಲು ಹತ್ತರಲ್ಲಿ ಆರು ಜನ ಮೂರು ತಿಂಗಳಿಗೆ ಬಿಡುತ್ತಿದ್ದರು, ಈಗ ಒಂದಿಬ್ಬರು. ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಬೇಕು ಅನ್ನುವ ಅಪ್ಪಂದಿರಿಗೆ ಅದನ್ನೂ ಮಾಡಿಸ್ತೇನೆ, ಆದರೆ ಮಗು ಮೊದಲು ಮನೆಯವರಿಗೆ ಗೊತ್ತಿರುವ ಒಂದು ಹಾಡು ನುಡಿಸಬೇಕು. ಎರಡನೇ ಕಂತು ಬರುವುದೇ ಆ ಹಾಡಿನಿಂದ.

ಇದನ್ನು ಬರೆಯುವಾಗ ಹೊರಗೆ ಆಟಿಯ ಮಳೆ. ಪೆಟ್ಟಿಗೆಯ ಮಣಿ ಬೆಳಿಗ್ಗೆಯೇ ಗುಲಾಬಿಯಾಗಿತ್ತು, ಹುರಿಯಬೇಕು. ಐದು ಗಂಟೆಗೆ ರಿಟೈರ್ ಆದ ಬ್ಯಾಂಕಿನವರೊಬ್ಬರು ಬರ್ತಾರೆ, ವಯಸ್ಸು 63. ಕೇಪೋ ಈಗ ಎರಡನೇ ಫ್ರೆಟ್ಟಿನಲ್ಲಿದೆ.