ಚರ್ಚಿನ ಗೇಟಿಗೆ ಸೀಸ ಹೊಯ್ದ ಕಥೆ

ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಒಂದು ಹಳ್ಳಿ ಚರ್ಚು. ಅದರ ಗೇಟಿನ ಬಲಗಡೆ ಬಾಗಿಲು ಜೋತುಬಿದ್ದು ನೆಲ ಕೆರೆಯುತ್ತಿತ್ತು. ಸ್ವಲ್ಪ ಎತ್ತಿ ಹಿಡಿದು ತಳ್ಳಿದರೆ ಮಾತ್ರ ತೆರೆಯುತ್ತಿತ್ತು. ಅಲ್ಲೇ ಹತ್ತಿರ ನನ್ನ ಕುಲುಮೆ ಇರೋದರಿಂದ ರಿಪೇರಿ ನನ್ನ ಪಾಲಿಗೆ ಬಂತು.

ಗೇಟಿನ ಕಲ್ಲುಕಂಬದ ಮೇಲೆ ಬ್ರಿಟಿಷ್ ನೌಕಾಪಡೆಯ ಒಬ್ಬ ಲೆಫ್ಟಿನೆಂಟನ ಹೆಸರು ಕೆತ್ತಿದ್ದಾರೆ. ಕೆಳಗೆ ಅವನ ಹಡಗು ‘ಕ್ವೀನ್ ಮೇರಿ’, ಮತ್ತೆ ತಾರೀಖು: 1916ರ ಮೇ 31. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳು ಸಮುದ್ರದಲ್ಲಿ ಕಾದಾಡಿದ ಜಟ್ಲೆಂಡ್ ಕದನದ ದಿನ ಅದು. ಜರ್ಮನ್ ಹಡಗುಗಳ ಗುಂಡು ಬಿದ್ದು ಮದ್ದಿನ ಕೋಣೆ ಸಿಡಿದು, ಹಡಗಿನಲ್ಲಿದ್ದ 1,266 ಜನ ಸತ್ತರು. ಹೀಗೆ ಹೋದವನಿಗೆ ಸಮಾಧಿ ಎಲ್ಲಿಂದ ಬರಬೇಕು? ಪೋರ್ಟ್ಸ್‌ಮತ್‌ನ ನೌಕಾ ಸ್ಮಾರಕದಲ್ಲಿ ಸಾವಿರಾರು ಹೆಸರುಗಳ ನಡುವೆ ಒಂದು ಹೆಸರು, ಅಷ್ಟೆ. ಮನೆಯವರಿಗೆ ಕೈಯಿಟ್ಟು ಮುಟ್ಟೋಕೆ ಉಳಿದದ್ದು ಅವನ ನೆನಪಿನ ಈ ಗೇಟು.

ಇಲ್ಲಿ ಚರ್ಚಿನ ಆವರಣದಲ್ಲಿ ಇಂಥ ಕೆಲಸಕ್ಕೆ ಬಿಷಪ್ಪರ ಆಡಳಿತ ವಲಯವಾದ ಡಯಾಸಿಸ್‌ನಿಂದ ‘ಫ್ಯಾಕಲ್ಟಿ’ ಅನ್ನೋ ಪರವಾನಗಿ ಬೇಕು. ಕಾದೆ, ಬಂತು.

ಮೊದಲು ನಾನು ತಪ್ಪು ಜಾಗ ನೋಡಿದೆ. ಕೆಳಗಿನ ಪಟ್ಟಿ ಅರ್ಧ ಇಂಚು ಸವರಿಬಿಟ್ಟರೆ ಆಯ್ತು ಅಂದುಕೊಂಡೆ. ಬಣ್ಣ ಕೆರೆದು ನೋಡಿದರೆ ನನಗಿಂತ ಮುಂಚೆ ಯಾರೋ ಅದನ್ನೇ ಮಾಡಿ, ಮೈಲ್ಡ್ ಸ್ಟೀಲ್, ಅಂದರೆ ಈಗಿನ ಮಾಮೂಲಿ ಉಕ್ಕಿನ ತುಂಡು ವೆಲ್ಡ್ ಮಾಡಿದ್ದರು. ಹಳೇ ಗೇಟು ರಾಟ್ ಐರನ್, ಅಂದರೆ ಹಳೇ ಕಾಲದ ಬಡಿದು ಮಾಡಿದ ಕಬ್ಬಿಣ. ಮುರಿದ ಕಡೆ ಅದು ಒಣಗಿದ ಅಡಿಕೆ ಹಾಳೆ ಹಾಗೆ ಎಳೆ ಎಳೆಯಾಗಿ ಕಾಣುತ್ತೆ. ಹೊಸ ತುಂಡು ಮಾತ್ರ ತುಕ್ಕು ಹಿಡಿದು ಪದರ ಪದರವಾಗಿ ಉದುರುತ್ತಿತ್ತು.

ನಿಜವಾದ ರೋಗ ಇದ್ದದ್ದು ಮೇಲೆ. ಗೇಟನ್ನು ಹೊರುವ ಕಬ್ಬಿಣದ ಗೂಟವನ್ನು ಕಂಬದ ತೂತಿನಲ್ಲಿ ಸೀಸ ಹೊಯ್ದು ಕೂರಿಸಿರುತ್ತಾರೆ. ಆ ಸೀಸ ಸಡಿಲಾಗಿತ್ತು. ಬೆರಳಲ್ಲಿ ಅಲ್ಲಾಡಿಸಿದರೆ ಗೂಟ ಅಲ್ಲಾಡುತ್ತಿತ್ತು! ಗೇಟು ಸರಿಯಾಗೇ ಇತ್ತು, ಸುಮ್ನೆ ಅದರ ಕಾಲು ಕತ್ತರಿಸಿದ್ದರು.

ಹಳೇ ಸೀಸ ಕೊರೆದು ತೆಗೆದೆ. ತೂತಿನ ಬಾಯಿಗೆ ಗೂಟದ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ, ಮೇಲೆ ಸುರಿಯೋಕೆ ಒಂದು ಬಾಯಿ ಬಿಟ್ಟೆ. ಇಂಗ್ಲೆಂಡಿನ ಕಲ್ಲು ಯಾವಾಗಲೂ ತೇವ. ಬ್ಲೋಲ್ಯಾಂಪಿನ ಉರಿ ಹಿಡಿದು ಒಣಗಿಸಿದೆ, ಸಾಕು ಅನ್ನಿಸ್ತು. ಸಾಕಾಗಿರಲಿಲ್ಲ. ಕರಗಿದ ಸೀಸ ಒಳಗೆ ಹೋದ ತಕ್ಷಣ ಒಳಗಿದ್ದ ನೀರು ಆವಿಯಾಗಿ ಫಟ್ ಅಂತ ಸೀಸವನ್ನು ಹೊರಗೆ ಉಗುಳಿತು. ಮುಖಕ್ಕೆ ಶೀಲ್ಡ್ ಇತ್ತು, ಬಚಾವಾದೆ. ತೋಳಿನ ಮೇಲೆ ಎರಡು ಕಲೆ ಇನ್ನೂ ಇವೆ.

ಎರಡನೇ ಸಲ ಜಾಸ್ತಿ ಹೊತ್ತು ಒಣಗಿಸಿ, ತೂತಿನಲ್ಲಿ ಒಣ ಬಟ್ಟೆ ಆಡಿಸಿ ನೋಡಿ, ನಿಲ್ಲಿಸದೆ ಒಂದೇ ಸಲಕ್ಕೆ ಹೊಯ್ದೆ. ತಣ್ಣಗಾದ ಮೇಲೆ ಸೀಸ ಕುಗ್ಗುತ್ತೆ. ಅದಕ್ಕೆ ಮೊಂಡು ಉಳಿ ಇಟ್ಟು ಸುತ್ತಲೂ ಬಡಿದು ಬಿಗಿ ಮಾಡಬೇಕು. ಈ ಬಡಿತ ಬಿಟ್ಟರೆ ಹೊಯ್ದದ್ದೆಲ್ಲ ದಂಡ. ಹಾಸನದ ಕಡೆ ನಮ್ಮಪ್ಪ ಗಾಡಿಚಕ್ರಕ್ಕೆ ಪಟ್ಟಿ ಕೂರಿಸುವಾಗ ಶಬ್ದ ಕೇಳಿಯೇ ಬಿಗಿಯಾಯ್ತಾ ಅಂತ ಹೇಳುತ್ತಿದ್ದರು. ಇಲ್ಲೂ ಹಾಗೇ, ಟಪ್ ಟಪ್ ಅಂತಿದ್ದದ್ದು ಟಣ್ ಅಂದಾಗ ನಿಲ್ಲಿಸಿದೆ.

ಕೆಳಗಿನ ಪಟ್ಟಿಗೆ ಹಳೇ ರಾಟ್ ಐರನ್ ಹುಡುಕಿ ತಂದು, ಕುಲುಮೆಯಲ್ಲೇ ಕಾಯಿಸಿ ಬೆಸೆದೆ. ಬಣ್ಣ ಮೊದಲಿದ್ದ ಕಪ್ಪೇ.

ಗೇಟು ಕೂರಿಸಿದ ಮೇಲೆ ಬೆರಳಲ್ಲಿ ತಳ್ಳಿದರೂ ತೆರೆಯುತ್ತಿತ್ತು. ನಾನು ಸಾಮಾನು ಕಟ್ಟುತ್ತಿದ್ದಾಗ ಊರಿನ ಒಬ್ಬ ಅಜ್ಜಿ ಹೂವು ಹಿಡಿದು ಬಂದರು. ಅಭ್ಯಾಸಬಲ, ಬಲಗಡೆ ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ತಳ್ಳೋಕೆ ಹೋಗಿ ಮುಗ್ಗರಿಸಿ, ನನ್ನನ್ನೇ ಗುರಾಯಿಸಿದರು.